ಕೊಡಚಾದ್ರಿಯ ದಾರಿಯಲ್ಲಿ ಫೈವ್ ಫಾರ್ಟಿ

ಡಿಸೆಂಬರ್ ಚಳಿಯಲ್ಲಿ ಅಪ್ಪನೂ ನಾನೂ ಕೊಲ್ಲೂರಿನ ಜೀಪ್ ಸ್ಟ್ಯಾಂಡಿಗೆ ಬಂದಾಗ ಬೆಳಗಿನ 6.30. ಎಂಟು ಜನ ತುಂಬದೆ ಜೀಪು ಹೊರಡುವುದಿಲ್ಲ. "ಇನ್ನು ಇಬ್ರು ಬರ್ಲಿ, ಹೊರಡುವ. ದೇವಸ್ಥಾನದಿಂದ ಈಗ ಬರ್ತಾರೆ, ಅಷ್ಟ್ರಲ್ಲಿ ನೀವು ಚಾ ಕುಡೀರಿ" ಎಂದರು ಡ್ರೈವರ್. ಐವತ್ತು ದಾಟಿದ ವಯಸ್ಸು, ತಲೆಗೆ ಮಫ್ಲರ್.

ಅಪ್ಪ ಚಾ ಕುಡಿಯಲಿಲ್ಲ. ಜೀಪಿಗೆ ಒಂದು ಸುತ್ತು ಬಂದು, ಮುಂದಿನ ಚಕ್ರದ ಹತ್ತಿರ ಬಗ್ಗಿ ನೋಡಿ, ಬಾನೆಟ್ ಮೇಲೆ ಕೈಯಿಟ್ಟು, "ಫೈವ್ ಫಾರ್ಟಿ ಅಲ್ವನಾ ಇದು?" ಎಂದು ಕೇಳಿದರು. ಮಹೀಂದ್ರಾದ ಎಂಎಂ 540 ಮಾದರಿಯ ಜೀಪು ಅದು. ಡ್ರೈವರ್ ಮುಖ ಅರಳಿತು. "ಹೌದು ಯಜಮಾನ್ರೆ. ಎಂಜಿನ್ ಎರಡು ಸಲ ಬಿಚ್ಚಿಸಿದ್ದೇನೆ. ಗೇರ್ ಬಾಕ್ಸ್ ಮಾತ್ರ ಕಂಪನಿಯಿಂದ ಬಂದದ್ದೇ." ಅಷ್ಟಾದ ಮೇಲೆ ಅವರಿಬ್ಬರ ಮಾತು ನಿಲ್ಲಲಿಲ್ಲ. ಮುಂದಿನ ಸೀಟು ಅಪ್ಪನಿಗೇ ಸಿಕ್ಕಿತು. ನಾನು ಹಿಂದೆ ಅಡ್ಡ ಸೀಟಿನಲ್ಲಿ, ಯಾರದೋ ಬ್ಯಾಗು ಮಡಿಲಲ್ಲಿಟ್ಟುಕೊಂಡು ಕೂತೆ.

ಘಟ್ಟದ ಮೇಲಿನ ನಮಗೆ ಜೀಪು ಅಂದರೆ ಮನೆಯ ಒಂದು ಜೀವ. ಯುದ್ಧಕ್ಕೆಂದು ಅಮೆರಿಕದಲ್ಲಿ ಹುಟ್ಟಿದ ಗಾಡಿ ಅದು. 1940ರ ದಶಕದ ಕೊನೆಗೆ ಮಹೀಂದ್ರಾದವರು ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಇಲ್ಲೇ ಜೋಡಿಸತೊಡಗಿದರು. 1980ರ ದಶಕದಲ್ಲಿ ಬಂದ ಫೈವ್ ಫಾರ್ಟಿಗೆ ಫ್ರಾನ್ಸಿನ ಪೆಜೋ ಕಂಪನಿಯ ತಂತ್ರಜ್ಞಾನದ 2,112 ಸಿಸಿ ಡೀಸೆಲ್ ಎಂಜಿನ್ ಕೂತಿತು. ಇಷ್ಟು ಅದರ ಕಂಪನಿ ಚರಿತ್ರೆ. ನಮ್ಮೂರಿನ ಚರಿತ್ರೆ ಬೇರೆ, ಅದನ್ನು ಬರೆದದ್ದು ಮಳೆ. ಹೊಸನಗರ ತಾಲ್ಲೂಕಿನ ಹುಲಿಕಲ್‌ನಲ್ಲಿ, ಆ ಕಡೆ ಆಗುಂಬೆಯಲ್ಲಿ, ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುತ್ತದೆ. ಮನೆಗಳೋ ಒಂಟಿ ಮನೆಗಳು. ಒಂದೊಂದು ಅಡಿಕೆ ತೋಟದ ತಲೆಗೆ ಒಂದೊಂದು ಮನೆ, ಟಾರು ರಸ್ತೆಯಿಂದ ಒಂದೆರಡು ಮೈಲಿ ಕೆಮ್ಮಣ್ಣಿನ ಇಳಿಜಾರು. ಕಾರು ಇದ್ದವರೂ ಮಳೆಗಾಲ ಬಂತೆಂದರೆ ಅದನ್ನು ಮೇನ್ ರೋಡಿನ ಯಾರದಾದರೂ ಅಂಗಡಿ ಪಕ್ಕ ನಿಲ್ಲಿಸಿ ಬರಬೇಕು. ಅಂಗಳದವರೆಗೆ ಬರುತ್ತಿದ್ದದ್ದು ಜೀಪು ಒಂದೇ. ಅಡಿಕೆ ಮಂಡಿಗೆ ಹೋದದ್ದು, ಗೊಬ್ಬರ ಬಂದದ್ದು, ದಿಬ್ಬಣ ಹೊರಟದ್ದು, ಶಾಲೆಯ ಮಕ್ಕಳು ನೇತಾಡಿಕೊಂಡು ಹೋದದ್ದು ಎಲ್ಲ ಅದರಲ್ಲೇ. ಅಜ್ಜಿಗೆ ಉಸಿರು ಕಟ್ಟಿದ ರಾತ್ರಿ ಆಸ್ಪತ್ರೆಗೆ ಒಯ್ದದ್ದೂ ಪಕ್ಕದ ಮನೆಯವರ ಜೀಪಿನಲ್ಲಿ. ನೆರೆಮನೆಯಲ್ಲಿ ಜೀಪಿದ್ದರೆ ಅದು ಊರಿಗೇ ಇದ್ದ ಹಾಗೆ. ಡೀಸೆಲ್ ಹಾಕಿಸಿದರೆ ಸಾಕು, ಬಾಡಿಗೆ ಕೇಳಿದವರನ್ನು ನಾನು ಕಂಡಿಲ್ಲ.

ನಾಗೋಡಿ ಘಾಟಿ ಹತ್ತಿ, ಸಂಪೆಕಟ್ಟೆ ದಾಟಿ, ಕಟ್ಟಿನಹೊಳೆಗೆ ಬರುವವರೆಗೆ ದಾರಿಯ ಬಗ್ಗೆ ಹೇಳುವಂಥದ್ದೇನಿಲ್ಲ, ಟಾರು ರಸ್ತೆ. ಅಲ್ಲಿಂದ ಮೇಲಿನ ಸುಮಾರು 10 ಕಿ.ಮೀ. ನಿಜವಾದ ಕೊಡಚಾದ್ರಿ ದಾರಿ. ಅಲ್ಲೊಂದು ಹೊಸ ಥಾರ್, ಮಹೀಂದ್ರಾದವರದೇ ಈಗಿನ ಗಾಡಿ, ನಿಂತಿತ್ತು, ದೊಡ್ಡ ಟೈರು, ಮೇಲೆ ಸಾಲು ಲೈಟು. ಅದರಲ್ಲಿ ಬಂದ ಬೆಂಗಳೂರಿನ ಹುಡುಗರು ನಮ್ಮ ಹಿಂದಿನ ಜೀಪು ಹತ್ತುತ್ತಿದ್ದರು. "ಆ ಗಾಡಿ ಹತ್ತಲ್ವಾ?" ಎಂದು ಕೇಳಿದೆ. ಡ್ರೈವರ್ ಗಂಭೀರವಾಗಿಯೇ ಹೇಳಿದರು: "ಯಾಕೆ ಹತ್ತಲ್ಲ? ಬಾಳ ಒಳ್ಳೆ ಗಾಡಿ ಅದು. ದಾರಿ ಗೊತ್ತಿರ್ಬೇಕಲ್ಲ ಸರ್."

ದಾರಿ ಗೊತ್ತಿರುವುದು ಅಂದರೇನು ಎಂದು ಮುಂದಿನ ಒಂದು ಗಂಟೆ ನೋಡಿದೆ. ಗೇರ್ ಪಕ್ಕದಲ್ಲಿ ಎರಡು ಚಿಕ್ಕ ಲಿವರ್. ಮೊದಲು ಒಂದನ್ನು ಹಾಕಿದರು: ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಸಿಕ್ಕಿತು. ಆಮೇಲೆ ಇನ್ನೊಂದು: ಲೋ. ಈಗ ಚಕ್ರ ತಿರುಗುವುದು ನಿಧಾನ, ಎಳೆತ ಮಾತ್ರ ಸುಮಾರು ಎರಡೂವರೆ ಪಟ್ಟು. ಮುಂದಿನ ಚಕ್ರಕ್ಕೆ ಬಲ ಕೊಡದೆ ಲೋ ಬೀಳುವುದೇ ಇಲ್ಲ, ಇಡೀ ಭಾರ ಹಿಂದಿನ ಆಕ್ಸಲ್ ಮೇಲೆ ಬಿದ್ದು ಮುರಿಯಬಾರದೆಂದು ಒಳಗೇ ತಡೆ ಇಟ್ಟಿದ್ದಾರೆ. ಜೀಪಿನ ಸದ್ದೇ ಬದಲಾಯಿತು. ಭಾರ ಹೊತ್ತು ನಡೆಯುವವರ ಉಸಿರಿನಂಥ ಸದ್ದು.

ಮಳೆ ನೀರು ದಾರಿಯನ್ನು ಮೊಣಕಾಲುದ್ದ ಕೊರೆದಿತ್ತು. ನಾನಾಗಿದ್ದರೆ ಚಕ್ರವನ್ನು ಕೊರಕಲಿನೊಳಗೇ ಬಿಡುತ್ತಿದ್ದೆ. ಅವರು ಒಂದು ಚಕ್ರವನ್ನು ನಡುವಿನ ದಿಣ್ಣೆಯ ಮೇಲೆ, ಇನ್ನೊಂದನ್ನು ಧರೆಯ, ಅಂದರೆ ದಾರಿ ಪಕ್ಕದ ಮಣ್ಣಿನ ಗೋಡೆಯ, ಅಂಚಿನಲ್ಲಿ ನಡೆಸಿದರು. "ಕೊರಕಲಿಗೆ ಇಳಿದ್ರೆ ಅಡಿಯ ಆಕ್ಸಲ್ ಹೌಸಿಂಗ್ ಕಲ್ಲಿಗೆ ಕೂರ್ತದೆ, ಮತ್ತೆ ಎಳೆಯೋರು ಬೇಕು." ಅವರ ಕೈ ನೋಡುತ್ತಿದ್ದೆ. ಹತ್ತು ಬೆರಳೂ ಸ್ಟೇರಿಂಗಿನ ಹೊರಗಡೆಯಿಂದಲೇ. ಹೆಬ್ಬೆರಳನ್ನು ಒಳಗೆ ಹಾಕಿ ಹಿಡಿದೇ ಇರಲಿಲ್ಲ. ಚಕ್ರಕ್ಕೆ ಕಲ್ಲು ಹೊಡೆದಾಗ ಸ್ಟೇರಿಂಗ್ ಗಿರ್ರನೆ ತಿರುಗುತ್ತದೆ, ಹೆಬ್ಬೆರಳು ಒಳಗಿದ್ದರೆ ಕಡ್ಡಿಗೆ ಸಿಕ್ಕಿ ಮುರಿಯುತ್ತದೆ. ಪವರ್ ಸ್ಟೇರಿಂಗ್ ಇಲ್ಲದ ಗಾಡಿ ಕಲಿಸಿದ ಪಾಠ ಅದು. ನನ್ನ ಕಾಲ ಕೆಳಗೆ ಗೋಣಿಚೀಲವೊಂದು ಝಣಝಣ ಅನ್ನುತ್ತಿತ್ತು. ಬಿಚ್ಚಿ ನೋಡಿದರೆ ಕಬ್ಬಿಣದ ಸರಪಳಿ. ಮಳೆಗಾಲದಲ್ಲಿ ಊರೊಳಗಿನ ಕೆಸರು ದಾರಿಗೆ ಟೈರಿಗೆ ಸುತ್ತಿ ಕಟ್ಟುವ ಚೈನ್.

ಮೂಲ ಮೂಕಾಂಬಿಕೆ ಗುಡಿಯ ಹತ್ತಿರ ಜೀಪು ನಿಂತಿತು. ಅಂಗಳದ ಎತ್ತರದ ಕಬ್ಬಿಣದ ಕಂಬಕ್ಕೆ ಕೈಮುಗಿದು, ಅಪ್ಪ ನಿಧಾನವಾಗಿ ಸರ್ವಜ್ಞ ಪೀಠದವರೆಗೂ ನಡೆದರು. 1,343 ಮೀಟರ್ ಎತ್ತರ, ಹುಲ್ಲಿನ ಗುಡ್ಡ, ಕಣಿವೆಗಳಲ್ಲಿ ಶೋಲಾ ಕಾಡು, ಒಂದು ಕಡೆ ಶರಾವತಿ ಹಿನ್ನೀರು. ನೋಡಿದವರೆಲ್ಲ ಬರೆದಿದ್ದಾರೆ, ನಾನು ಮತ್ತೆ ಬರೆಯುವುದಿಲ್ಲ. ಈ ಗುಡ್ಡಕ್ಕೆ ಅಗಲವಾದ ಟಾರು ರಸ್ತೆ ಆಗಬೇಕು ಎನ್ನುವ ಮಾತು ಪಕ್ಕದಲ್ಲೇ ಕೇಳಿತು. ಆಗಬಾರದು. ಸುತ್ತಲೂ ಮೂಕಾಂಬಿಕಾ ಅಭಯಾರಣ್ಯ. ಒಂದು ದಿನಕ್ಕೆ ಎಷ್ಟು ಜನ ಮೇಲೆ ಬರಬಹುದು ಎನ್ನುವುದನ್ನು ಈ ಕೆಟ್ಟ ದಾರಿಯೂ ಈ ಜೀಪುಗಳೂ ಸೇರಿ ಇಷ್ಟು ವರ್ಷ ಕಾಯ್ದುಕೊಂಡು ಬಂದಿವೆ. ಡ್ರೈವರುಗಳ ಮನೆಯ ಒಲೆ ಉರಿಯುವುದೂ ಅದರಿಂದಲೇ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಬ್ರೇಕ್ ಒತ್ತಿ ಹಿಡಿದರೆ ಚಕ್ರ ಕಚ್ಚಿಕೊಂಡು ಸಡಿಲ ಜಲ್ಲಿಯ ಮೇಲೆ ಇಡೀ ಗಾಡಿ ಜಾರುತ್ತದೆ. ಅವರು ಲೋ ಒಂದನೇ ಗೇರಿಗೆ ಹಾಕಿ, ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುವಂತೆ ಬಿಟ್ಟರು. ತಿರುವಿನಲ್ಲಿ ಎದುರಿಗೊಂದು ಜೀಪು ಕಂಡಿತು. ಇಳಿಯುವವರು ನಿಂತು ಹತ್ತುವವರಿಗೆ ದಾರಿ ಬಿಡಬೇಕು. ನಮ್ಮವರು ಧರೆಗೆ ಒತ್ತಿ ನಿಲ್ಲಿಸಿದರು. ಎರಡು ಜೀಪುಗಳ ನಡುವೆ ಒಂದು ಅಂಗೈ ಜಾಗ. ದಾಟುವಾಗ ಆ ಡ್ರೈವರ್ ಕಿಟಕಿಯಿಂದ, "ಪ್ಲೇಟು ಸಿಕ್ತಾ ಮಾರಾಯ?" ಎಂದು ಕೇಳಿದ. "ನಿಟ್ಟೂರಲ್ಲಿ ಬಡಿಸ್ತಾ ಇದ್ದೇನೆ, ಸಂಜೆಗೆ ಕೊಡ್ತೇನೆ" ಎಂದರು ಇವರು. ಮುರಿದ ಸ್ಪ್ರಿಂಗ್ ಪ್ಲೇಟಿನ ಸಮಾಚಾರ. ಹೊಸ ಬಿಡಿಭಾಗ ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಂತೆ. ಒಬ್ಬರ ಹಳೇ ಜೀಪಿನ ಸಾಮಾನು ಇನ್ನೊಬ್ಬರ ಜೀಪಿಗೆ ಹೋಗುತ್ತದೆ.

ಕಟ್ಟಿನಹೊಳೆ ತಲುಪಿ ಟಾರು ಸಿಕ್ಕಿದ ಕೂಡಲೇ ಜೀಪು ನಿಲ್ಲಿಸಿದರು. ಲೋ ತೆಗೆದರು. ಇನ್ನೊಂದು ಲಿವರ್ ಮುಟ್ಟದೆ ಅಪ್ಪನ ಕಡೆ ತಿರುಗಿ, "ನೀವೇ ತೆಗೀರಿ ಯಜಮಾನ್ರೆ" ಎಂದರು. ಎಪ್ಪತ್ತೆರಡು ವರ್ಷದ ಅಪ್ಪ ಮೊದಲು ಅಂಗೈಯನ್ನು ಪಂಚೆಗೆ ಒರೆಸಿಕೊಂಡರು. ಲಿವರ್ ಹಿಡಿದು, ಸ್ವಲ್ಪ ಅಲುಗಿಸಿ, ಹದ ಸಿಕ್ಕಿದ ಮೇಲೆ ಎಳೆದರು. ಟಕ್ ಎಂದಿತು.

"ಬಂತು" ಎಂದರು ಅಪ್ಪ.