ಒಂದೇ ಫೈಲ್, ಎರಡು ಉತ್ತರ

ಮೂರು ದಿನ ನನ್ನ ಪರೀಕ್ಷೆಗಳೆಲ್ಲ ಪಾಸಾದವು. ಡಿಸ್ಕಿಗೆ ಬರೆಯುತ್ತಿರುವಾಗಲೇ ಬೇಕೆಂದು ದೋಷ ಹುಟ್ಟಿಸುತ್ತಿದ್ದೆ, ಆಮೇಲೆ ಫೈಲನ್ನು ಓದಿ ಚೆಕ್‌ಸಮ್ (ಡೇಟಾ ಬದಲಾದರೆ ತಾನೂ ಬದಲಾಗುವ ಚಿಕ್ಕ ಪರಿಶೀಲನಾ ಸಂಖ್ಯೆ) ಹೋಲಿಸುತ್ತಿದ್ದೆ. ಪ್ರತಿ ಸಲವೂ ಸರಿ ಬರುತ್ತಿತ್ತು. ನಾಲ್ಕನೆಯ ದಿನ ತಂಡದ ಹಿರಿಯರೊಬ್ಬರು ನನ್ನ ಸ್ಕ್ರಿಪ್ಟ್ ನೋಡಿ, “ನೀವು ಓದುತ್ತಿರುವುದು ಡಿಸ್ಕಿನಿಂದಲೋ, ಮೆಮೊರಿಯಿಂದಲೋ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಬರೆದದ್ದೆಲ್ಲ ಇನ್ನೂ ಪೇಜ್ ಕ್ಯಾಶ್‌ನಲ್ಲೇ, ಅಂದರೆ ಫೈಲಿನ ಡೇಟಾವನ್ನು ಆಪರೇಟಿಂಗ್ ಸಿಸ್ಟಮ್ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗದಲ್ಲೇ ಇತ್ತು. ಡಿಸ್ಕಿನ ಮೇಲೆ ಏನಿದೆ ಎಂಬುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಡೇಟಾಬೇಸ್ ಸರ್ವರ್‌ಗಳಿಗೆ ಲಿನಕ್ಸ್‌ನ ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಹೊಂದುತ್ತದೆಯೇ, ಒಂದೇ ಡೇಟಾದ ಪ್ರತಿಯನ್ನು ಎರಡು ಡಿಸ್ಕ್‌ಗಳಲ್ಲೂ ಇಡುವ ರೇಡ್ 1 ಮಿರರ್‌ನಲ್ಲಿ ಒಂದು ಡಿಸ್ಕ್ ಕೈಕೊಟ್ಟರೆ ಏನಾಗುತ್ತದೆ ಎಂದು ಪರೀಕ್ಷಿಸಿ ತಿಳಿಸುವುದು ನನಗೆ ಕೊಟ್ಟ ಕೆಲಸ. ಬಿಟಿಆರ್‌ಎಫ್‌ಎಸ್‌ನಂಥ ಕಾಪಿ-ಆನ್-ರೈಟ್ ಫೈಲ್ ಸಿಸ್ಟಮ್ ಹಳೆಯ ಬ್ಲಾಕಿನ ಮೇಲೆ ಹೊಸದನ್ನು ಬರೆಯುವುದಿಲ್ಲ. ಬದಲಾದ ಡೇಟಾವನ್ನು ಬೇರೆ ಖಾಲಿ ಜಾಗದಲ್ಲಿ ಬರೆಯುತ್ತದೆ, ಯಾವ ಡೇಟಾ ಎಲ್ಲಿದೆ ಎಂದು ತೋರಿಸುವ ಸೂಚಿ-ಮರದಲ್ಲಿ ಅದರ ಎಲೆಯನ್ನೂ ಅದರ ಮೇಲಿನ ಕೊಂಬೆಗಳನ್ನೂ ಬೇರಿನವರೆಗೆ ಹೊಸದಾಗಿ ಬರೆಯುತ್ತದೆ, ತನ್ನೊಳಗೆ ತಡೆದಿಟ್ಟದ್ದನ್ನು ಶಾಶ್ವತವಾಗಿ ಬರೆಯುವಂತೆ ಡಿಸ್ಕಿಗೆ ಫ್ಲಶ್ ಆದೇಶ ಕೊಟ್ಟು, ಕೊನೆಗೆ ಮರದ ಬೇರು ಎಲ್ಲಿದೆ ಎಂದು ಹೇಳುವ ಸೂಪರ್‌ಬ್ಲಾಕ್ ಬದಲಿಸುತ್ತದೆ. ನಡುವೆ ಎಲ್ಲಿ ಬರಹ ವಿಫಲವಾದರೂ ಹಳೆಯ ಮರ ಹಾಗೆಯೇ ನಿಂತಿರುತ್ತದೆ. ಈ ಭರವಸೆ ನಿಜ. ಆದರೆ ಇದು ಮರ ಮುರಿಯುವುದಿಲ್ಲ ಎಂಬ ಭರವಸೆ. ನೀವು ಬರೆದದ್ದು ಎರಡೂ ಡಿಸ್ಕ್‌ಗಳಿಗೆ ತಲುಪಿತು ಎಂಬ ಭರವಸೆಯಲ್ಲ. ಈ ಎರಡನ್ನೂ ನಾನು ಒಂದೇ ಎಂದುಕೊಂಡಿದ್ದೆ.

ಸ್ಕ್ರಿಪ್ಟನ್ನು ಮೊದಲಿನಿಂದ ಬರೆದೆ. ಎರಡು ದೊಡ್ಡ ಫೈಲ್‌ಗಳನ್ನು ಲೂಪ್ ಸಾಧನಗಳನ್ನಾಗಿ, ಅಂದರೆ ಡಿಸ್ಕ್‌ಗಳಂತೆ ಕಾಣುವಂತೆ ಮಾಡಿ, ಅವುಗಳ ಮೇಲೆ ಲಿನಕ್ಸ್‌ನ ಡಿವೈಸ್ ಮ್ಯಾಪರ್‌ನಲ್ಲಿರುವ, ಕೆಡುವ ಡಿಸ್ಕಿನಂತೆ ನಟಿಸುವ ಡಿಎಂ-ಫ್ಲೇಕಿ ಪದರ ಕೂರಿಸಿದೆ. ಎಷ್ಟು ಸೆಕೆಂಡ್ ಸರಿಯಾಗಿ ನಡೆಯಬೇಕು, ಎಷ್ಟು ಸೆಕೆಂಡ್ ಕೆಟ್ಟು ನಿಲ್ಲಬೇಕು ಎಂದು ಇದಕ್ಕೆ ಹೇಳಬಹುದು. ಕೆಟ್ಟು ನಿಂತಾಗ ಹೇಗೆ ವರ್ತಿಸಬೇಕು ಎಂಬುದಕ್ಕೂ ಆಯ್ಕೆಗಳಿವೆ: ಎರರ್_ರೈಟ್ಸ್ ಕೊಟ್ಟರೆ ಬರಹಕ್ಕೆ ದೋಷ ಹಿಂದಿರುಗಿಸುತ್ತದೆ, ಡ್ರಾಪ್_ರೈಟ್ಸ್ ಕೊಟ್ಟರೆ ಬರಹವನ್ನು ಎಸೆದು ‘ಬರೆದಾಯಿತು’ ಎನ್ನುತ್ತದೆ. ಮೊದಲನೆಯದು ಪ್ರಾಮಾಣಿಕವಾಗಿ ಸಾಯುವ ಡಿಸ್ಕ್, ಎರಡನೆಯದು ಸುಳ್ಳು ಹೇಳುವ ಡಿಸ್ಕ್. ಎರಡನ್ನೂ ಪರೀಕ್ಷಿಸದೆ ಫೈಲ್ ಸಿಸ್ಟಮ್ ಬಗ್ಗೆ ಅಭಿಪ್ರಾಯ ಹೇಳಬಾರದು ಎಂಬುದು ಈಗ ನನ್ನ ಗಟ್ಟಿ ನಿಲುವು. ಜೊತೆಗೆ ಪ್ರತಿ ಬ್ಲಾಕಿನಲ್ಲೂ ಅದರ ಸಂಖ್ಯೆ ಮತ್ತು ಅದು ಎಷ್ಟನೆಯ ಸುತ್ತಿನ ಬರಹ ಎಂಬುದನ್ನು ತುಂಬಿಸಿದೆ, ಹಳೆಯದು ಬಂದರೆ ಯಾವ ಸುತ್ತಿನದು ಎಂದು ತಕ್ಷಣ ಗೊತ್ತಾಗಲಿ ಎಂದು. ಕ್ಯಾಶ್‌ನಿಂದಲ್ಲ, ಡಿಸ್ಕಿನಿಂದಲೇ ಓದುವಂತಾಗಲು, ಓದುವ ಮೊದಲು ಫೈಲ್ ಸಿಸ್ಟಮನ್ನು ಅನ್‌ಮೌಂಟ್ ಮಾಡಿ ಬೇರ್ಪಡಿಸುವುದು ಕಡ್ಡಾಯ.

ಒಂದೇ ಡಿಸ್ಕ್ ಇದ್ದಾಗ ಎಲ್ಲವೂ ಸ್ಪಷ್ಟವಾಗಿತ್ತು. ಡೇಟಾ ಬರಹ ವಿಫಲವಾದರೆ, ಬರೆದದ್ದನ್ನು ಡಿಸ್ಕಿಗೆ ತಲುಪಿಸಿ ಎಂದು ಕೇಳುವ ಎಫ್‌ಸಿಂಕ್ ಕರೆ ದೋಷ ಹಿಂದಿರುಗಿಸಿತು. ಮೆಟಾಡೇಟಾ ಬರಹ, ಅಂದರೆ ಆ ಸೂಚಿ-ಮರದ ಬರಹ, ವಿಫಲವಾದಾಗ ಫೈಲ್ ಸಿಸ್ಟಮ್ ಆ ಟ್ರಾನ್ಸಾಕ್ಷನ್ (ಒಟ್ಟಿಗೆ ಪೂರ್ಣವಾಗಬೇಕಾದ ಬದಲಾವಣೆಗಳ ಗುಂಪು) ಕೈಬಿಟ್ಟು ತಾನೇ ಓದಲು-ಮಾತ್ರ ಸ್ಥಿತಿಗೆ ಹೋಯಿತು. ಮತ್ತೆ ಮೌಂಟ್ ಮಾಡಿದರೆ ಹಿಂದಿನ ಪೂರ್ಣ ಸ್ಥಿತಿ ಸಿಕ್ಕಿತು.

ಇಲ್ಲಿ ಸಿಕ್ಕಿಬಿದ್ದದ್ದು ನಮ್ಮದೇ ಪ್ರೋಗ್ರಾಮ್. ಎಫ್‌ಸಿಂಕ್ ದೋಷ ಕೊಟ್ಟರೆ ಇನ್ನೊಮ್ಮೆ ಕರೆಯುವ ಲೂಪ್ ಅದರಲ್ಲಿತ್ತು. ಎರಡನೆಯ ಕರೆ ಯಶಸ್ಸು ಎಂದಿತು, ಪ್ರೋಗ್ರಾಮ್ ಮುಂದೆ ಸಾಗಿತು, ಡೇಟಾ ಮಾತ್ರ ಎಲ್ಲೂ ಇರಲಿಲ್ಲ. ಬರೆಯಲಾಗದ ಪುಟದ ಮೇಲಿನ ‘ಬರೆಯಬೇಕಾಗಿದೆ’ ಎಂಬ ಗುರುತನ್ನು ಲಿನಕ್ಸ್ ಕರ್ನಲ್ ಅಳಿಸಿರುತ್ತದೆ, ದೋಷವನ್ನು ಒಮ್ಮೆ ತಿಳಿಸಿದ ಮೇಲೆ ಮತ್ತೆ ಬರೆಯಲು ಅದರ ಬಳಿ ಏನೂ ಉಳಿದಿರುವುದಿಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಅಭಿವೃದ್ಧಿಕಾರರು 2018ರಲ್ಲಿ ಇದೇ ವಿಷಯದಲ್ಲಿ ಬೆಚ್ಚಿಬಿದ್ದಿದ್ದರು. ಎಫ್‌ಸಿಂಕ್ ವಿಫಲವಾದರೆ ಮತ್ತೆ ಪ್ರಯತ್ನಿಸದೆ ಸರ್ವರನ್ನೇ ನಿಲ್ಲಿಸಿ, ಡೇಟಾಬೇಸ್‌ನ ಬದಲಾವಣೆಗಳ ಲಾಗ್‌ನಿಂದ ಚೇತರಿಸಿಕೊಳ್ಳುವಂತೆ 2019ರಲ್ಲಿ ಬದಲಾಯಿಸಿದರು. ನಮ್ಮ ಲೂಪನ್ನು ನಾನು ಅಂದೇ ತೆಗೆದೆ.

ನಂತರ ಮಿರರ್. ಒಂದು ಡಿಸ್ಕಿನ ಬರಹಗಳನ್ನೆಲ್ಲ ವಿಫಲಗೊಳಿಸಿದೆ. ಎಫ್‌ಸಿಂಕ್ ಯಶಸ್ಸು ಎಂದಿತು. ಒಂದು ಪ್ರತಿ ತಲುಪಿದರೂ ಬರಹ ಆಯಿತೆಂದೇ ಲೆಕ್ಕ. ರೇಡ್ 1 ಇರುವುದೇ ಅದಕ್ಕೆ. ಕರ್ನಲ್ ಲಾಗ್‌ನಲ್ಲಿ ಸಾಲುಗಳು ಮೂಡಿದವು, ಬಿಟಿಆರ್‌ಎಫ್‌ಎಸ್ ಪ್ರತಿ ಡಿಸ್ಕಿನ ದೋಷಗಳನ್ನು ಎಣಿಸಿಡುವ ಡಿವೈಸ್ ಸ್ಟ್ಯಾಟ್ಸ್‌ನಲ್ಲಿ ಬರಹ ದೋಷದ ಎಣಿಕೆ ಏರಿತು, ಅಪ್ಲಿಕೇಶನ್‌ಗೆ ಮಾತ್ರ ಯಾವ ಸುದ್ದಿಯೂ ಇಲ್ಲ. ಡಿಸ್ಕನ್ನು ಸರಿಪಡಿಸಿದ ಮೇಲೂ ಬಿಟಿಆರ್‌ಎಫ್‌ಎಸ್ ತಾನಾಗಿ ಹಳಸಿದ ಪ್ರತಿಯನ್ನು ತುಂಬಲಿಲ್ಲ. ಆದರೆ ಓದುವಾಗ ಚೆಕ್‌ಸಮ್ ಹೊಂದದಿರುವುದನ್ನು ಕಂಡು ಇನ್ನೊಂದು ಪ್ರತಿಯಿಂದ ಓದಿತು, ಕೆಟ್ಟದ್ದನ್ನು ತಿದ್ದಿತು. ಉಳಿದುದನ್ನು ಸ್ಕ್ರಬ್, ಅಂದರೆ ಎಲ್ಲ ಪ್ರತಿಗಳನ್ನೂ ಓದಿ ಚೆಕ್‌ಸಮ್ ತಾಳೆ ನೋಡುವ ಕೆಲಸ, ಹಿಡಿಯಿತು. ಸುಳ್ಳು ಹೇಳುವ ಡಿಸ್ಕಿನಲ್ಲಿ ಬರಹ ದೋಷದ ಎಣಿಕೆ ಸೊನ್ನೆಯಲ್ಲೇ ನಿಂತಿತ್ತು, ಆದರೂ ಸ್ಕ್ರಬ್ ಮೋಸ ಹೋಗಲಿಲ್ಲ. ಆ ಸಂಜೆ ಚೆಕ್‌ಸಮ್ ಬಗ್ಗೆ ನನಗೆ ನಿಜವಾದ ಗೌರವ ಹುಟ್ಟಿತು.

ವರದಿ ಬರೆದು ಮುಗಿಸುವ ಹೊತ್ತಿಗೆ ನೆನಪಾಯಿತು: ನಿಜವಾದ ಸರ್ವರ್‌ಗಳಲ್ಲಿ ಡೇಟಾಬೇಸ್ ಡೈರೆಕ್ಟರಿಗೆ ನೋ-ಡೇಟಾ-ಕೌ ಗುರುತು ಹಾಕುವ ಯೋಜನೆ ಇತ್ತು. ಫೈಲ್ ಚೂರುಚೂರಾಗಿ ಹರಡುವುದನ್ನು ತಪ್ಪಿಸಲು ಬಹಳ ಮಂದಿ ಕೊಡುವ ಸಲಹೆ ಅದು. ಆ ಗುರುತು ಬಿದ್ದ ಫೈಲಿಗೆ ಕಾಪಿ-ಆನ್-ರೈಟ್ ಇಲ್ಲ, ಅದರ ಜೊತೆಗೆ ಚೆಕ್‌ಸಮ್ ಕೂಡ ಇಲ್ಲ. ಅದೇ ಪರೀಕ್ಷೆಯನ್ನು ಅಂಥ ಫೈಲಿನ ಮೇಲೆ ನಡೆಸಿದೆ: ಒಂದು ಡಿಸ್ಕಿನ ಬರಹ ವಿಫಲ, ಎಫ್‌ಸಿಂಕ್ ಯಶಸ್ಸು, ಡಿಸ್ಕ್ ಮತ್ತೆ ಸರಿ. ಕ್ಯಾಶ್ ಖಾಲಿ ಮಾಡಿ ಓದಿದೆ, ಹೊಸ ಸುತ್ತಿನ ಬ್ಲಾಕ್‌ಗಳು ಬಂದವು. ಮತ್ತೆ ಖಾಲಿ ಮಾಡಿ ಓದಿದೆ, ಹಳೆಯ ಸುತ್ತಿನವು ಬಂದವು. ಇನ್ನೊಮ್ಮೆ ಓದಿದರೆ ಹೊಸದು. ಮಿರರ್‌ನ ಯಾವ ಪ್ರತಿಯಿಂದ ಓದಬೇಕು ಎಂಬುದನ್ನು ಬಿಟಿಆರ್‌ಎಫ್‌ಎಸ್ ಸಾಮಾನ್ಯವಾಗಿ ಓದುವ ಪ್ರಕ್ರಿಯೆಯ ಪಿಐಡಿ (ಗುರುತಿನ ಸಂಖ್ಯೆ) ನೋಡಿ ನಿರ್ಧರಿಸುತ್ತದೆ. ಸಮಕ್ಕೆ ಒಂದು, ಬೆಸಕ್ಕೆ ಇನ್ನೊಂದು. ಒಂದೇ ಫೈಲ್, ಕೇಳಿದವರು ಯಾರು ಎಂಬುದರ ಮೇಲೆ ಎರಡು ಉತ್ತರ. ಸ್ಕ್ರಬ್ ಓಡಿಸಿದೆ: ದೋಷವಿಲ್ಲ ಎಂದಿತು. ಅದು ಸಹಜವೇ, ಯಾವ ಪ್ರತಿ ಸರಿ ಎಂದು ಹೇಳಲು ಅದರ ಬಳಿ ಸಾಕ್ಷಿಯೇ ಇರಲಿಲ್ಲ.

ಡೇಟಾಬೇಸ್ ಇಂಥ ಉತ್ತರಗಳ ಮೇಲೆ ಇಂಡೆಕ್ಸ್ ಕಟ್ಟುತ್ತದೆ, ಬ್ಯಾಕಪ್ ತೆಗೆಯುತ್ತದೆ ಎಂದು ಯೋಚಿಸಿದಾಗ ಮೈ ಜುಮ್ಮೆಂದಿತು. ಹೋಲಿಕೆಗೆಂದು ಇನ್ನೊಂದು ಕಾಪಿ-ಆನ್-ರೈಟ್ ಫೈಲ್ ಸಿಸ್ಟಮ್ ಆದ ಜೆಡ್‌ಎಫ್‌ಎಸ್‌ನ ಮಿರರನ್ನೂ ನೋಡಿದೆ. ಯಾವ ಡಿಸ್ಕ್ ಯಾವ ಟ್ರಾನ್ಸಾಕ್ಷನ್ ಗುಂಪುಗಳನ್ನು ತಪ್ಪಿಸಿಕೊಂಡಿತು ಎಂದು ಅದು ದಾಖಲಿಟ್ಟುಕೊಳ್ಳುತ್ತದೆ, ಡಿಸ್ಕ್ ಮರಳಿದಾಗ ಅಷ್ಟನ್ನು ಮತ್ತೆ ತುಂಬುತ್ತದೆ. ಅದರಲ್ಲಿ ಕಾಪಿ-ಆನ್-ರೈಟ್ ನಿಲ್ಲಿಸುವ ಆಯ್ಕೆಯೇ ಇಲ್ಲ.

ನಮ್ಮ ಸರ್ವರ್‌ಗಳಿಗೆ ನೋ-ಡೇಟಾ-ಕೌ ಬೇಡ ಎಂದು ವರದಿಯ ಮೊದಲ ಸಾಲಿನಲ್ಲೇ ಬರೆದೆ. ವೇಗ ಕಡಿಮೆಯಾಗುತ್ತದೆ ಎಂದು ಆಕ್ಷೇಪ ಬಂತು. ವಾದಿಸುವ ಬದಲು ಒಂದೇ ಫೈಲನ್ನು ಅವರ ಎದುರಿಗೆ ಹತ್ತು ಸಲ ಓದಿ ತೋರಿಸಿದೆ. ಡಿವೈಸ್ ಸ್ಟ್ಯಾಟ್ಸ್‌ನ ಐದೂ ಎಣಿಕೆಗಳು ಈಗ ನಿಗಾ ವ್ಯವಸ್ಥೆಗೆ ಸೇರಿವೆ. ಸೊನ್ನೆಯಿಂದ ಒಂದಕ್ಕೇರಿದರೂ ಕರೆ ಬರುತ್ತದೆ, ಅದೇ ದಿನ ಸ್ಕ್ರಬ್ ಓಡುತ್ತದೆ. ನನ್ನ ಮುಂದಿನ ಕೆಲಸ ಡಿಎಂ-ಲಾಗ್-ರೈಟ್ಸ್. ನಡೆದ ಬರಹಗಳನ್ನೆಲ್ಲ ಕ್ರಮವಾಗಿ ದಾಖಲಿಸಿಕೊಂಡು, ಪ್ರತಿ ಫ್ಲಶ್‌ವರೆಗೆ ಮರುಬರೆದು, ವಿದ್ಯುತ್ ಅಲ್ಲೇ ಹೋಗಿದ್ದರೆ ಏನು ಉಳಿಯುತ್ತಿತ್ತು ಎಂದು ನೋಡಲು ಅದು ಬಿಡುತ್ತದೆ. ಮೊದಲ ಲಾಗ್ ಸಿದ್ಧವಾಗಿದೆ. ಈ ಸಲ ಸ್ಕ್ರಿಪ್ಟನ್ನು ಓಡಿಸುವ ಮೊದಲೇ ಆ ಹಿರಿಯರ ಕೈಗೆ ಕೊಟ್ಟಿದ್ದೇನೆ.