ತಿಯಾನ್‌ಜಿನ್‌ಗೆ ಹೋದರೆ ಸೇತುವೆಯಿಂದಲೇ ನಡೆಯಲು ಶುರು ಮಾಡಿ

ಬೀಜಿಂಗ್‌ಗೆ ಹೋಗುವವರು ಒಂದು ದಿನ ಉಳಿಸಿಕೊಂಡು ತಿಯಾನ್‌ಜಿನ್ ನೋಡಿ ಬನ್ನಿ. ಬೀಜಿಂಗ್ ದಕ್ಷಿಣ ನಿಲ್ದಾಣದಿಂದ ಫಾಸ್ಟ್ ಟ್ರೈನಿನಲ್ಲಿ ಬರೀ ಅರ್ಧ ಗಂಟೆ. ಪಾಸ್‌ಪೋರ್ಟ್ ಕೈಯಲ್ಲೇ ಇರಲಿ, ಗೇಟಿನಲ್ಲಿ ಅದನ್ನೇ ನೋಡುತ್ತಾರೆ. ಬುಕ್ ಮಾಡುವಾಗ ಬರೀ ತಿಯಾನ್‌ಜಿನ್ ಅಂತಿರುವ ನಿಲ್ದಾಣವನ್ನೇ ಆರಿಸಿ. ತಿಯಾನ್‌ಜಿನ್ ಪಶ್ಚಿಮ, ದಕ್ಷಿಣ ಅಂತಲೂ ಇವೆ, ಅಲ್ಲಿ ಇಳಿದರೆ ಮತ್ತೆ ಮೆಟ್ರೋ ಹಿಡಿಯಬೇಕು.

ಈ ಊರಿನಲ್ಲಿ ಒಂದು ಕಾಲಕ್ಕೆ ಒಂಬತ್ತು ದೇಶಗಳು ತಮ್ಮ ತಮ್ಮ ಬಡಾವಣೆ ಮಾಡಿಕೊಂಡಿದ್ದವು. ನೆಲ ಚೀನಾದ್ದು, ಪೊಲೀಸು, ತೆರಿಗೆ, ಆಡಳಿತ ಎಲ್ಲ ಹೊರಗಿನವರದ್ದು. 1860ರಲ್ಲಿ ಬ್ರಿಟಿಷರು, ಫ್ರೆಂಚರ ಜೊತೆಗಿನ ಯುದ್ಧದಲ್ಲಿ ಸೋತ ಚೀನಾ ಈ ಬಂದರನ್ನು ಹೊರಗಿನವರಿಗೆ ತೆರೆಯಬೇಕಾಯಿತು, ಬ್ರಿಟಿಷರು, ಫ್ರೆಂಚರು ಮೊದಲು ಬಂದರು, ಆಮೇಲೆ ಜರ್ಮನಿ, ಜಪಾನ್, ವಿದೇಶಿಯರ ವಿರುದ್ಧ ಎದ್ದ 1900ರ ಬಾಕ್ಸರ್ ದಂಗೆ ಅಡಗಿಸಿದ ಮೇಲಂತೂ ರಷ್ಯಾ, ಇಟಲಿ, ಬೆಲ್ಜಿಯಂ, ಆಸ್ಟ್ರಿಯಾ-ಹಂಗೇರಿ ಕೂಡ ಪಾಲು ಕೇಳಿದವು. ಆ 1860ರ ಬ್ರಿಟಿಷ್ ದಂಡಿನಲ್ಲಿ ನಮ್ಮ ಬೆಂಗಳೂರಿನಲ್ಲಿ ನೆಲೆಯಿದ್ದ ಸೇನೆಯ ಎಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್ ಕೂಡ ಇದ್ದರು. ಸುಮ್ನೆ ಫೋಟೋಗೆ ಅಂತ ಹೋಗುವವರಿಗೆ ಇದನ್ನೆಲ್ಲ ಯಾರೂ ಹೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಲ್ದಾಣದ ಮುಂದೆಯೇ ಹಾಯ್ ನದಿ, ಅದರ ಮೇಲೆ 1927ರ ಜಿಯೆಫಾಂಗ್ ಸೇತುವೆ. ಹಡಗು ಬಂದರೆ ನಡುವೆ ಎರಡು ಹೋಳಾಗಿ ಮೇಲಕ್ಕೇಳುವಂತೆ ಕಟ್ಟಿದ ಉಕ್ಕಿನ ಸೇತುವೆ ಇದು. ಕಂಬಿಗಳ ಹತ್ತಿರ ನಿಂತು ರಿವೆಟ್‌ಗಳ ಸಾಲನ್ನು ನೋಡಿ. ದಾಟಿದ ಕೂಡಲೇ ಜಿಯೆಫಾಂಗ್ ಉತ್ತರ ರಸ್ತೆ, ಹಳೇ ಬ್ಯಾಂಕುಗಳ ಬೀದಿ. ಮೊದಲ ಭಾಗ ಫ್ರೆಂಚರದ್ದಾಗಿತ್ತು, ಮುಂದೆ ಬ್ರಿಟಿಷರದ್ದು. ಒಂದೇ ರಸ್ತೆಗೆ ಎರಡು ಆಡಳಿತ! ದಪ್ಪ ಕಂಬಗಳ ಈ ಕಟ್ಟಡಗಳಲ್ಲಿ ಈಗಲೂ ಬ್ಯಾಂಕುಗಳಿವೆ, ಹಾಗಾಗಿ ಹೊರಗಿನಿಂದಲೇ ನೋಡಬೇಕು. 1863ರಲ್ಲಿ ಶುರುವಾದ ಆಸ್ಟರ್ ಹೋಟೆಲ್ ಇದೇ ಸಾಲಿನಲ್ಲಿದೆ.

ಅಲ್ಲಿಂದ ವುದಾದಾವ್‌ಗೆ ಟ್ಯಾಕ್ಸಿ ಹಿಡಿಯಿರಿ, ಕಾಲು ಉಳಿಸಿಕೊಳ್ಳಿ. ಬ್ರಿಟಿಷ್ ಬಡಾವಣೆಯ ಬಂಗಲೆಗಳ ಓಣಿಗಳು ಅವು, ನೆರಳು ಜಾಸ್ತಿ. ಒಲಿಂಪಿಕ್ಸ್ ಚಿನ್ನ ಗೆದ್ದ ಎರಿಕ್ ಲಿಡೆಲ್ ಹುಟ್ಟಿದ್ದು ಈ ಊರಿನಲ್ಲೇ, 1902ರಲ್ಲಿ. ಅವರ ನಂಟಿದ್ದ ಮಿನ್‌ಯುವಾನ್ ಕ್ರೀಡಾಂಗಣ ಇಲ್ಲೇ ಇದೆ. ಹಳೇ ಜಪಾನಿ ಬಡಾವಣೆಯಲ್ಲಿ ಜಿಂಗ್ ಯುವಾನ್ ಇದೆ, ಕೊನೆಯ ಚಕ್ರವರ್ತಿ ಪುಯಿ 1929ರಿಂದ 1931ರವರೆಗೆ ಇದ್ದ ಮನೆ. ನನ್ನನ್ನು ಕೇಳಿದರೆ ಹಳೇ ಇಟಲಿ ಬಡಾವಣೆಯ ಇಟಲಿ ಬೀದಿಯಲ್ಲಿರುವ ಹೋಟೆಲುಗಳಿಗಿಂತ ಈ ಮನೆಗೆ ಹೆಚ್ಚು ಹೊತ್ತು ಕೊಡಿ. ಸೋಮವಾರ ಮಾತ್ರ ಬೇಡ, ಮ್ಯೂಸಿಯಂಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ.

ಸಸ್ಯಾಹಾರಿಗಳಿಗೆ ಬೆಳಗಿನ ತಿಂಡಿ ಜಿಯಾನ್‌ಬಿಂಗ್. ಹೆಸರುಕಾಳಿನ ಹಿಟ್ಟನ್ನು ಕಾವಲಿಯ ಮೇಲೆ ತೆಳ್ಳಗೆ ಎಳೆದು, ಮೊಟ್ಟೆ ಒಡೆದು ಹಾಕಿ, ಒಳಗೆ ಕರಿದ ಹಿಟ್ಟಿನ ಕೋಲಿಟ್ಟು ಮಡಚುತ್ತಾರೆ. ನಮ್ಮ ಹೆಸರುಕಾಳಿನ ದೋಸೆಯ ಹತ್ತಿರದ ನೆಂಟ. ಮೊಟ್ಟೆ ಬೇಡ ಅನ್ನುವುದನ್ನು ಚೀನಿಯಲ್ಲಿ ಬರೆದಿಟ್ಟುಕೊಂಡು ಹಿಟ್ಟು ಹಾಕುವ ಮೊದಲೇ ತೋರಿಸಿ.

ಚೀನಾದಲ್ಲಿ ಹಣ ಕೊಡಲು ಬಳಸುವ ಅಲಿಪೇ ಆ್ಯಪಿಗೆ ಕಾರ್ಡ್ ಜೋಡಿಸುವ ಕೆಲಸ ಊರಿನಲ್ಲೇ ಮುಗಿಸಿ. ಏಪ್ರಿಲ್, ಮೇ, ಸೆಪ್ಟೆಂಬರ್ ಒಳ್ಳೆಯದು. ಅಕ್ಟೋಬರ್ ಮೊದಲ ವಾರ ಇಡೀ ಚೀನಾಕ್ಕೆ ರಜೆ, ಆಗ ಟ್ರೈನ್ ಟಿಕೆಟ್ ಸಿಗುವುದೇ ಕಷ್ಟ. ಇಟಲಿ ಬೀದಿ ನಿಲ್ದಾಣದ ಕಡೆಯ ದಡದಲ್ಲೇ ಇರುವುದರಿಂದ ಅದನ್ನು ಸಂಜೆಗಿಟ್ಟುಕೊಳ್ಳಿ, ಅಲ್ಲಿಂದ ನಡೆದೇ ವಾಪಸ್ ಟ್ರೈನ್ ಹಿಡಿಯಬಹುದು.