ಅಣಬೆ ಕೆಂಪಾಗೋವರೆಗೂ ಕಾಯಿರಿ

ಮನೆಯಲ್ಲಿ ಮಾಂಸ ಕಡಿಮೆ ಮಾಡೋಣ ಅಂತ ಶುರು ಮಾಡಿದಾಗ ರುಚಿ ಬಗ್ಗೆ ಯಾರೂ ದೂರಲಿಲ್ಲ. ದೂರು ಬಂದದ್ದು ಹೊಟ್ಟೆಯದ್ದು. ಊಟ ಮಾಡಿ ಎದ್ದು ಸ್ವಲ್ಪ ಹೊತ್ತಿಗೆಲ್ಲ ಬಿಸ್ಕೆಟ್ ಡಬ್ಬಿ ಸದ್ದು ಮಾಡುತ್ತಿತ್ತು. ಅಷ್ಟರಲ್ಲಿ ಒಂದು ಭಾನುವಾರ ಅಣ್ಣ ಊಟಕ್ಕೆ ಬರ್ತೀನಿ ಅಂದ. ಅವನಿಗೆ ಮಾಂಸ ಇಲ್ಲದಿದ್ದರೆ ಅದು ಊಟವೇ ಅಲ್ಲ. ಸರಿ, ಒಂದು ಕೈ ನೋಡೇಬಿಡೋಣ ಅಂದುಕೊಂಡೆ.

ಮಾಂಸದ ಅಡುಗೆಯಲ್ಲಿ ಅಗಿಯೋದಕ್ಕೆ ಏನೋ ಸಿಗುತ್ತದೆ, ಹುರಿದ ಘಮ ಇರುತ್ತದೆ, ಜಿಡ್ಡು ಇರುತ್ತದೆ, ಪ್ರೋಟೀನ್ ಅಂತೂ ಇದ್ದೇ ಇರುತ್ತದೆ. ಅದನ್ನು ತೆಗೆದು ಆ ಜಾಗಕ್ಕೆ ಸುಮ್ನೆ ಬೇಯಿಸಿದ ತರಕಾರಿ ಹಾಕಿದರೆ ಇವೆಲ್ಲ ಒಟ್ಟಿಗೇ ಹೋಗುತ್ತವೆ. ಆಮೇಲೆ ಹಸಿವಾಗದೆ ಇನ್ನೇನು?

ಹಾಗಾಗಿ ಹಿಂದಿನ ರಾತ್ರಿಯೇ ಕಾಬೂಲ್ ಕಡಲೆ ನೆನೆಹಾಕಿದೆ. ಬೇಯಿಸುವಾಗ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಸಿಪ್ಪೆ ಬೇಗ ಮೆತ್ತಗಾಗುತ್ತದೆ, ಜಾಸ್ತಿ ಹಾಕಿದರೆ ಸೋಪಿನ ರುಚಿ ಬರುತ್ತದೆ. ಬೆಂದ ಕಡಲೆ 100 ಗ್ರಾಂನಲ್ಲಿ ಸುಮಾರು 9 ಗ್ರಾಂ ಪ್ರೋಟೀನ್, ಜೊತೆಗೆ ಒಳ್ಳೆ ನಾರು. ಮಾಂಸದಷ್ಟು ಪ್ರೋಟೀನ್ ಇಲ್ಲ ನಿಜ, ಅದಕ್ಕೇ ಚಮಚದ ಲೆಕ್ಕದಲ್ಲಿ ಬಡಿಸಬಾರದು, ತಟ್ಟೆಯಲ್ಲಿ ಗುಡ್ಡೆ ಕಾಣಬೇಕು.

ನನ್ನ ಪ್ರಕಾರ ಅಸಲಿ ಕೆಲಸ ಇರೋದು ಅಣಬೆಯಲ್ಲಿ. ಅದರಲ್ಲಿ ನೂರಕ್ಕೆ ಹೆಚ್ಚುಕಡಿಮೆ 90 ಭಾಗ ನೀರು. ಅಗಲವಾದ ಬಾಣಲೆ ಚೆನ್ನಾಗಿ ಕಾಯಿಸಿ, ಒಂದರ ಮೇಲೊಂದು ಬೀಳದ ಹಾಗೆ ಸ್ವಲ್ಪ ಸ್ವಲ್ಪವೇ ಹರಡಿದೆ. ಮೊದಲು ನೀರು ಬಿಟ್ಟು ಕೊತಕೊತ ಅನ್ನುತ್ತದೆ. ಆ ನೀರು ಇರೋವರೆಗೂ ಶಾಖ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ, ಕೆಂಪಾಗೋದಕ್ಕೆ ಸುಮಾರು 140 ಬೇಕು. (1912ರಲ್ಲಿ ಲೂಯಿ ಕಮೀಲ್ ಮೈಯಾರ್ ಅನ್ನೋ ಫ್ರೆಂಚ್ ವಿಜ್ಞಾನಿ ವಿವರಿಸಿದ ಕ್ರಿಯೆ ಇದೇ, ಬ್ರೆಡ್ಡಿನ ಅಂಚು ಕೆಂಪಾಗಿ ಘಮ್ ಅನ್ನೋದೂ ಇದರಿಂದಲೇ.) ನೀರು ಇಂಗಿದ ಕೂಡಲೇ ಸದ್ದು ಬದಲಾಗಿ ಚಟಪಟ ಶುರುವಾಯಿತು. ಆಗ ಎಣ್ಣೆ, ಉಪ್ಪು ಹಾಕಿ, ಸೌಟು ಆಡಿಸದೆ ಸುಮ್ಮನೆ ನಿಂತೆ. ಇಲ್ಲಿ ಅವಸರ ಮಾಡೋರೇ ಜಾಸ್ತಿ ಅಲ್ವಾ? ಅಂಚು ಗರಿಗರಿಯಾಗಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಮಗುಚಿ ಹಾಕಿದೆ. ಎಷ್ಟು ಹೊತ್ತು ಇಟ್ಟರೂ ಅಣಬೆ ಕರಗಿ ಮುದ್ದೆಯಾಗಲ್ಲ, ಅದರ ಜೀವಕೋಶದ ಗೋಡೆಯಲ್ಲಿ ಏಡಿ ಚಿಪ್ಪಿನಲ್ಲಿರೋ ಕೈಟಿನ್ ಅನ್ನೋ ಗಟ್ಟಿ ನಾರಿನಂಥ ವಸ್ತು ಇದೆ. ಅಗಿಯೋದಕ್ಕೆ ಸಿಗೋದು ಅದರಿಂದಲೇ.

ಅಣಬೆ ತೆಗೆದ ಮೇಲೆ ಬಾಣಲೆಯ ತಳದಲ್ಲಿ ಕಂದು ಪದರ ಅಂಟಿಕೊಂಡಿತ್ತು. ಅದನ್ನು ಉಜ್ಜಿ ತೊಳೆಯೋದು ಪಾಪ! ಅಲ್ಲೇ ಈರುಳ್ಳಿ, ಬೆಳ್ಳುಳ್ಳಿ ಹುರಿದು, ಟೊಮೆಟೊ ಹಾಕಿ ಎಣ್ಣೆ ಬಿಡೋವರೆಗೂ ಬಾಡಿಸಿ, ಕಡಲೆ ಬೇಯಿಸಿದ ನೀರನ್ನೇ ಸ್ವಲ್ಪ ಸುರಿದು ಕೆರೆದೆ. ಒಂದು ಚಮಚ ಸೋಯಾ ಸಾಸ್. ಕಡಲೆ ಹಾಕಿ ಅರ್ಧಮರ್ಧ ಹಿಸುಕಿದೆ, ಗ್ರೇವಿ ತಾನಾಗಿ ಗಟ್ಟಿಯಾಯಿತು. ಅಣಬೆ ಬೆರೆಸಿ, ಒಲೆ ಆರಿಸಿ ನಿಂಬೆರಸ ಹಿಂಡಿದೆ.

ಅಣ್ಣ ಮೊದಲ ತುತ್ತಿಗೇ "ಇದು ಮಾಂಸದ ಥರ ಇಲ್ಲ" ಅಂದ. ಇರಬೇಕು ಅಂತ ನಾನೂ ಮಾಡಿರಲಿಲ್ಲ, ಮಾಂಸದ ವೇಷ ಹಾಕಿದ ಅಡುಗೆ ನನಗೆ ಅಷ್ಟಕ್ಕಷ್ಟೇ. ಮತ್ತೆ ಎರಡು ಸಲ ಹಾಕಿಸಿಕೊಂಡ. ಸಂಜೆ ತಿಂಡಿ ಕೊಡಲಾ ಅಂದರೆ ಬರೀ ಕಾಫಿ ಸಾಕು ಅಂದ. ಹೊರಡುವಾಗ ಒಂದು ತಕರಾರು ಮಾತ್ರ ತೆಗೆದ: ಅಷ್ಟು ಚೆನ್ನಾಗಿ ಹುರಿದ ಅಣಬೆನ ಯಾಕೆ ಗ್ರೇವಿಯಲ್ಲಿ ನೆನೆಸಿ ಮೆತ್ತಗೆ ಮಾಡ್ತೀಯ ಅಂತ. ಹೇಳಿದ್ದು ಸರಿಯಾಗಿಯೇ ಇದೆ. ಈಗ ಅರ್ಧ ಒಳಗೆ ಹೋಗುತ್ತದೆ, ಅರ್ಧ ಬಡಿಸುವಾಗ ಮೇಲೆ ಬೀಳುತ್ತದೆ.